ಹೆಣ್ಣು ಆಳಬಾರದೆಂದು ಅಪ್ಪಣೆ ಕೊಟ್ಟ ಹಿರಿಯರು ಯಾರು?

2010ನೆಯ ಇಸವಿಯಲ್ಲಿ ಅಮೆರಿಕದ ನವಾಹೋ ಜನರ ನಾಡಿನಲ್ಲಿ ಅಧ್ಯಕ್ಷ ಪದವಿಗೆ ಚುನಾವಣೆ ನಡೆಯಿತು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಲಿಂಡಾ ಲವ್‌ಜಾಯ್ ಎಂಬ ಮಹಿಳೆ. ಎರಡನೆಯ ಸುತ್ತಿಗೆ ಉಳಿದವರು ಇಬ್ಬರು, ಆಕೆ ಮತ್ತು ಒಬ್ಬ ಗಂಡಸು. ಆಗ ಊರೂರಿನಲ್ಲಿ ಒಂದು ಮಾತು ಓಡಾಡಿತು. ಹೆಂಗಸು ಜನಾಂಗದ ತಲೆಯಾಳಾದರೆ ಕೇಡು ತಪ್ಪದು, ಇದು ಪೂರ್ವಿಕರ ಕಟ್ಟಳೆ ಎಂದು. 2006ರಲ್ಲಿ ಆಕೆ ನಿಂತಾಗಲೂ ಇದೇ ಮಾತು. ಎರಡು ಸಲವೂ ಆಕೆ ಸೋತರು.

ಈ ಮಾತಿನ ಮೇಲೆ ನಮಗೆ ತಕರಾರಿದೆ. ಹಿರಿಯರ ಕಟ್ಟಳೆ ಎಂದ ಕೂಡಲೆ ಕೈಮುಗಿದು ಸುಮ್ಮನಾಗುವ ಅಭ್ಯಾಸ ನಮ್ಮದಲ್ಲ. ಯಾವ ಹಿರಿಯರು? ಯಾವ ವರ್ಷ ಹೇಳಿದರು? ಹೇಳುವಾಗ ಪಕ್ಕದಲ್ಲಿ ಯಾರು ಕುಳಿತಿದ್ದರು? ಕಾಗದದ ಮೇಲೆ ಯಾರ ರುಜು ಬಿತ್ತು? ಇಷ್ಟು ವಿಚಾರಿಸಿದರೆ ಸಾಕು, ಅನೇಕ ಪುರಾತನ ಕಟ್ಟಳೆಗಳ ಮಸಿ ಇನ್ನೂ ಆರಿಲ್ಲವೆಂಬುದು ತಿಳಿಯುತ್ತದೆ. ನವಾಹೋ ಜನರ ವಿಷಯದಲ್ಲಂತೂ ತಾರೀಖು ಸಹಿತ ತಿಳಿಯುತ್ತದೆ.

ಮೊದಲು ಈ ಜನರ ಪರಿಚಯ. ಪಠ್ಯಪುಸ್ತಕಗಳು 'ರೆಡ್ ಇಂಡಿಯನ್ನರು' ಎಂದು ಒಂದೇ ಕಟ್ಟಿನಲ್ಲಿ ಕಟ್ಟಿ ಒಗೆಯುವ ನೂರಾರು ಜನಾಂಗಗಳಲ್ಲಿ ಇವರದೊಂದು. (ಮೇಷ್ಟ್ರಾಗಿದ್ದಾಗ ನಾವೂ ಹಾಗೆಯೇ ಕಲಿಸಿದೆವು, ತಪ್ಪನ್ನು ಒಪ್ಪಿಕೊಳ್ಳುತ್ತೇವೆ.) ತಮ್ಮನ್ನು ತಾವು ಅವರು ದಿನೇ, ಎಂದರೆ ಜನ, ಎಂದು ಕರೆದುಕೊಳ್ಳುತ್ತಾರೆ. ಆರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ಈ ಮೂರು ರಾಜ್ಯಗಳಲ್ಲಿ ಹರಡಿರುವ ಅವರ ಮೀಸಲು ನಾಡಿನ ವಿಸ್ತಾರ ಸುಮಾರು 27,000 ಚದರ ಮೈಲಿ. ಒಣಭೂಮಿ, ಕೆಂಪುಬಂಡೆ, ಕುರಿ ಮೇಯಿಸುವ ಜನ. 1864ರಲ್ಲಿ ಅಮೆರಿಕದ ಸೈನ್ಯ ಅವರ ಬೆಳೆಯನ್ನೂ ಹಣ್ಣಿನ ಮರಗಳನ್ನೂ ಹಾಳುಗೆಡವಿ, ಸಾವಿರಾರು ಮಂದಿಯನ್ನು ಮಕ್ಕಳುಮರಿ ಸಮೇತ ನೂರಾರು ಮೈಲಿ ನಡೆಸಿಕೊಂಡು ಹೋಗಿ ಕೂಡಿಹಾಕಿತು. 1868ರ ಒಪ್ಪಂದದ ತರುವಾಯ ಉಳಿದವರು ಊರಿಗೆ ಮರಳಿದರು.

ಈ ಜನರಲ್ಲಿ ಕುಲ ಬರುವುದು ತಾಯಿಯಿಂದ. ಮದುವೆಯಾದ ಗಂಡು ಹೆಣ್ಣಿನ ಮನೆಯವರ ಕಡೆಗೆ ಹೋಗಿ ನೆಲೆಸುವುದು ಹಳೆಯ ರೂಢಿ. ಮನೆ ಹೆಂಗಸಿನದು, ಕುರಿಮಂದೆಯಲ್ಲಿ ಅವಳ ಕುರಿ ಅವಳದೇ. ನೂಲು ತೆಗೆದು ಮಗ್ಗದಲ್ಲಿ ಕಂಬಳಿ ನೇಯುವವಳೂ ಅವಳೇ. ಇಂಥ ಜನರ ಪೂರ್ವಿಕರು ಹೆಣ್ಣಿಗೆ ಆಳುವ ಅಧಿಕಾರವಿಲ್ಲವೆಂದು ಅಪ್ಪಣೆ ಕೊಡಿಸಿದರೆ? ಮೇಲಿನಿಂದ ಬಂದ ಬಿಳಿಯ ದೊರೆಗಳು ಮಾತ್ರ ಗಂಡಸರನ್ನು ಬಿಟ್ಟು ಬೇರೆಯವರ ಜೊತೆ ಮಾತಾಡಲಿಲ್ಲ. ಒಪ್ಪಂದಕ್ಕೆ ಗುರುತು ಹಾಕಿಸಿಕೊಂಡದ್ದು ಗಂಡಸರಿಂದ. ಸರಕಾರದ ಲೈಸೆನ್ಸ್ ಪಡೆದು ಕೂತ ವರ್ತಕನಿಗೆ ಹೆಂಗಸಿನ ಕಂಬಳಿ ಬೇಕಾಗಿತ್ತು. ಅದನ್ನು ಅವನು ಬಹುಕಾಲ ತಕ್ಕಡಿಯಲ್ಲಿ ತೂಗಿ, ಪೌಂಡಿಗೆ ಇಷ್ಟೆಂದು ಕೊಂಡ. ತಿಂಗಳುಗಟ್ಟಲೆ ಮಗ್ಗದ ಮುಂದೆ ಕೂತ ಕೈಗೆ ಬೆಲೆಯಿಲ್ಲ, ಉಣ್ಣೆಯ ತೂಕಕ್ಕೆ ಬೆಲೆ. ಗಿರಣಿಯ ಓದುಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕೆ? (ಅಂಗಡಿಯ ಓದುಗರು ಮುನಿಯಬಾರದು. ನಾವು ಹೇಳುತ್ತಿರುವುದು ಹತ್ತಾರು ಮೈಲಿಗೆ ಒಂದೇ ಅಂಗಡಿಯಿಟ್ಟು, ಜನರ ಬೆಳ್ಳಿ ಒಡವೆಯನ್ನು ಗಿರವಿ ಹಿಡಿದು, ಸಾಲದ ಪುಸ್ತಕದಲ್ಲಿ ಸಂಸಾರಗಳನ್ನೇ ಬರೆದಿಟ್ಟುಕೊಂಡವರ ವಿಷಯ.)

ಈಗ ತಾರೀಖಿಗೆ ಬರೋಣ. 1923ನೆಯ ಇಸವಿ ಜುಲೈ 7. ಅಂದು ನವಾಹೋ ಕೌನ್ಸಿಲಿನ ಮೊದಲ ಸಭೆ. ಯಾಕೆ ಕರೆದರು? ಅದಕ್ಕೆ ಸ್ವಲ್ಪ ಮುಂಚೆ ಆ ನೆಲದಲ್ಲಿ ಎಣ್ಣೆ ಸಿಕ್ಕಿತ್ತು. ಕಂಪೆನಿಗಳಿಗೆ ಗುತ್ತಿಗೆ ಬೇಕು, ಗುತ್ತಿಗೆಗೆ ರುಜು ಬೇಕು, ರುಜು ಹಾಕಲು ಜನಾಂಗದ ಹೆಸರಿನಲ್ಲಿ ಒಂದು ಮಂಡಳಿ ಬೇಕು. ವಾಷಿಂಗ್ಟನ್ನಿನವರು ನಿಯಮ ಬರೆದರು, ಗಂಡಸರು ಬಂದು ಕುಳಿತರು. ಎಣ್ಣೆಯ ಗುತ್ತಿಗೆಗಳಿಗೆ ಜನರ ಪರವಾಗಿ ರುಜು ಹಾಕುವ ಅಧಿಕಾರವನ್ನು ಸರಕಾರದ ಅಧಿಕಾರಿಗೆ ಬಿಟ್ಟುಕೊಟ್ಟು ಆ ಮೊದಲ ಸಭೆಯಲ್ಲೇ ನಿರ್ಣಯ ಮಾಡಿದರು. ಮಗು ಹುಟ್ಟಿದ ದಿನವೇ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗೆ! ಹೆಂಗಸರಿಗೆ ಈ ಕೌನ್ಸಿಲಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂದದ್ದೇ 1928ರಲ್ಲಿ. ಪೂರ್ವಿಕರ ಕಟ್ಟಳೆ ಎಂದು ತೋರಿಸುವ ಗಂಡಸರ ಗದ್ದುಗೆ ಇದು. ಎಣ್ಣೆಯ ಬಾವಿಯ ಪಕ್ಕದಲ್ಲಿ ಅದನ್ನು ಹಾಕಿದರು.

ಹೀಗೆ ಹಾಕಿದ ಗದ್ದುಗೆಯ ಫಲ ಹತ್ತು ವರ್ಷದಲ್ಲಿ ಕಂಡಿತು. ಮಂದೆ ಹೆಚ್ಚಾಗಿ ನೆಲ ಸವೆಯುತ್ತಿದೆ, ಸವೆದ ಮಣ್ಣು ಕೊಲೊರಾಡೋ ನದಿಯ ಹೊಸ ಅಣೆಕಟ್ಟಿನಲ್ಲಿ ಹೂಳು ತುಂಬೀತು ಎಂದು ಸರಕಾರಕ್ಕೆ ದಿಗಿಲಾಯಿತು. 1933ರಿಂದ ಕುರಿ, ಆಡುಗಳನ್ನು ಕಡಿಮೆ ಮಾಡುವ ಕೆಲಸ ಆರಂಭವಾಯಿತು. ಪುಡಿಗಾಸು ಕೊಟ್ಟು ಕೊಂಡ ಆಡುಗಳನ್ನು ಎಷ್ಟೋ ಕಡೆ ಸಾಗಿಸಲೂ ಆಗದೆ ಅಲ್ಲೇ ಗುಂಡಿಟ್ಟು ಕೊಂದು ಕೊಳೆಯಲು ಬಿಟ್ಟರು. ಒಪ್ಪಿಗೆ ಕೊಟ್ಟದ್ದು ಗಂಡಸರ ಕೌನ್ಸಿಲು, ಹೋದದ್ದು ಹೆಂಗಸರ ಆಸ್ತಿ. ಆ ಸಭೆಯಲ್ಲಿ ಮಂದೆಯ ಒಡತಿಯರಿಗೆ ಒಂದು ಸ್ಥಾನವಿದ್ದಿದ್ದರೆ ಅಷ್ಟು ಸುಲಭವಾಗಿ ಕೈ ಎತ್ತುತ್ತಿದ್ದರೆ?

ಈ ಕಾಲದಲ್ಲಿ ಊರ ಸಭೆಗಳಲ್ಲಿ ಕುಳಿತು ಕೇಳುತ್ತಿದ್ದ, ಅವರ ಭಾಷೆಯನ್ನು ಇವರಿಗೂ ಇವರ ಭಾಷೆಯನ್ನು ಅವರಿಗೂ ತಿಳಿಸಿ ಹೇಳುತ್ತಿದ್ದ ಒಬ್ಬ ಹೆಣ್ಣುಮಗಳಿದ್ದರು. ಆನಿ ಡಾಡ್ಜ್ ವಾನೀಕಾ. ನಮ್ಮ ವಾದಕ್ಕೆ ಸಾಕ್ಷಿ ಈಕೆಯ ಬಾಳು.

ಹುಟ್ಟಿದ್ದು 1910ರಲ್ಲಿ. ತಂದೆ ಹೆನ್ರಿ ಚೀ ಡಾಡ್ಜ್, ದುಭಾಷಿಯಾಗಿ ಮೇಲೆ ಬಂದು ದೊಡ್ಡ ಮಂದೆಗಳ ಒಡೆಯರಾದವರು. 1923ರ ಆ ಕೌನ್ಸಿಲಿನ ಮೊದಲ ಅಧ್ಯಕ್ಷರು ಅವರೇ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಶ್ರೀಮಂತರ ಮಗಳು, ಅಪ್ಪನ ಹೆಸರಿನಿಂದ ಗೆದ್ದಳು ಎನ್ನುವವರಿದ್ದಾರೆ. ಅಪ್ಪನ ಹೆಸರು ಬಾಗಿಲು ತೆರೆಯಿತು, ನಿಜ. ಆದರೆ ಮಂದೆ ಕಾಯ್ದು ಬೆಳೆದ ಹುಡುಗಿ ಆಕೆ. ಎಂಟನೆಯ ವರ್ಷದಲ್ಲಿ ಫೋರ್ಟ್ ಡಿಫಯನ್ಸ್ ಎಂಬಲ್ಲಿನ ಸರಕಾರಿ ವಸತಿಶಾಲೆಗೆ ಹೋದರು. ಅದೇ 1918ರ ಇನ್‌ಫ್ಲುಯೆಂಜಾ ವರ್ಷ. ಮಕ್ಕಳು ಸಾಲುಸಾಲಾಗಿ ಮಲಗಿ ಸಾಯುತ್ತಿದ್ದರು. ಆಕೆಗೂ ಜ್ವರ ಬಂದು ಬೇಗ ಇಳಿಯಿತು. ಇಳಿದ ಮೇಲೆ ದಾದಿಗೆ ನೆರವಾಗಿ ಲಾಂದ್ರ ಒರೆಸುತ್ತ, ಏಳಲಾರದ ಮಕ್ಕಳಿಗೆ ಉಣಿಸುತ್ತ ಓಡಾಡಿದರು. ಶಾಲೆಯ ಹಾಜರಿ ಪುಸ್ತಕ ಹಿಡಿದವರಿಗೆ ಒಂದು ಹೆಸರು ಕರೆದಾಗ ಉತ್ತರ ಬಾರದಿದ್ದರೆ ಆಗುವ ಸಂಕಟ ಗೊತ್ತು. ಆ ಮಗು ಎಂಟನೆಯ ವಯಸ್ಸಿನಲ್ಲೇ ಅದನ್ನು ಕಂಡಿತ್ತು. ಓದು ನಿಂತದ್ದು ಹನ್ನೊಂದನೆಯ ತರಗತಿಗೆ. ನಮ್ಮ ಮೆಟ್ರಿಕ್ಯುಲೇಷನ್ನಿನ ಹತ್ತಿರದ ಓದು, ಅಷ್ಟೇ.

1947ರಲ್ಲಿ ತಂದೆ ತೀರಿಕೊಂಡರು. 1951ರಲ್ಲಿ ಕ್ಲಾಗೆಟೋ ಎಂಬ ಊರಿನ ಕಡೆಯಿಂದ ನಿಂತು ಆನಿ ಕೌನ್ಸಿಲಿಗೆ ಗೆದ್ದರು. ಕೌನ್ಸಿಲು ಸೇರಿದ ಮೊದಲ ಮಹಿಳೆ ಎಂದು ಅನೇಕ ಕಡೆ ಅಚ್ಚಾಗಿರುವುದು ತಪ್ಪು. 1946ರಲ್ಲೇ ಲಿಲ್ಲಿ ನೀಲ್ ಎಂಬಾಕೆ ಗೆದ್ದಿದ್ದರು. ಮೋಟಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು ಆಕೆಯ ಸಾರ್ವಜನಿಕ ಕೆಲಸ ಮುರಿದುಬಿತ್ತು. ಪದಕ ಬಾರದವರ ಹೆಸರನ್ನು ಪತ್ರಿಕೆಗಳು ಬೇಗ ಮರೆಯುತ್ತವೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಆರಿಜೋನಾ ಮತ್ತು ನ್ಯೂ ಮೆಕ್ಸಿಕೋ ರಾಜ್ಯಗಳು ಮೀಸಲು ನಾಡಿನ ಜನರಿಗೆ, ಗಂಡಿಗಾಗಲಿ ಹೆಣ್ಣಿಗಾಗಲಿ, ಮತ ಹಾಕಲು ದಾರಿ ಬಿಟ್ಟದ್ದು 1948ರಲ್ಲಿ. ಅಷ್ಟರಲ್ಲಿ ಆನಿಗೆ 38 ವರ್ಷ.

ಗಂಡಸರೇ ತುಂಬಿದ್ದ 74 ಪ್ರತಿನಿಧಿಗಳ ಸಭೆ ಅದು. ಎಣ್ಣೆ, ಕಲ್ಲಿದ್ದಲು, ಯುರೇನಿಯಂ ಗುತ್ತಿಗೆಗಳ ಮಾತು ಅತ್ತ. ಆನಿಗೆ ಸಿಕ್ಕಿದ್ದು ಆರೋಗ್ಯ ಸಮಿತಿ. ರೋಗಿಯ ಆರೈಕೆ ಹೇಗೂ ಹೆಂಗಸಿನ ಕೆಲಸ, ಮಾಡಿಕೊಂಡು ಹೋಗಲಿ ಎಂಬ ಲೆಕ್ಕ ಗಂಡಸರದಾಗಿತ್ತೆಂದು ನಾವು ಬಲ್ಲೆವು. ಮನೆಯಲ್ಲಿ ಅಡಿಗೆಕೋಣೆ ಇದ್ದ ಹಾಗೆ ಸರಕಾರದಲ್ಲೂ ಹೆಂಗಸಿಗೊಂದು ಕೋಣೆ ತೋರಿಸಿಬಿಡುವ ಜಾಣತನ ಇದು. ಅವರ ಲೆಕ್ಕ ತಪ್ಪಿತು.

ಆಗ ಆ ನಾಡನ್ನು ತಿನ್ನುತ್ತಿದ್ದುದು ಕ್ಷಯ. ಕ್ಷಯವೆಂದರೇನೆಂದು ಗಿರಣಿಯ ಓದುಗರಿಗೆ ನಾವು ಪಾಠ ಹೇಳಬೇಕಾಗಿಲ್ಲ. ಅಮೆರಿಕದ ಉಳಿದ ಜನರಿಗಿಂತ ನವಾಹೋ ಜನರಲ್ಲಿ ಅದು ಎಷ್ಟೋ ಪಾಲು ಹೆಚ್ಚಾಗಿತ್ತು. ಮೀಸಲು ನಾಡಿನಲ್ಲಿ ಹಾಸಿಗೆಗಳು ಸಾಲದೆ ರೋಗಿಗಳನ್ನು ದೂರದ ಊರುಗಳ ಕ್ಷಯರೋಗಾಲಯಗಳಿಗೆ ಸಾಗಿಸುತ್ತಿದ್ದರು. ಅಲ್ಲಿ ಭಾಷೆ ಬಾರದು, ತಮ್ಮವರಿಲ್ಲ, ವೈದ್ಯ ಏನು ಹೇಳಿದನೆಂಬುದೇ ತಿಳಿಯದು. ಎಷ್ಟೋ ಮಂದಿ ಹಾಸಿಗೆ ಬಿಟ್ಟೆದ್ದು ಮನೆಗೆ ಓಡಿಬರುತ್ತಿದ್ದರು. ಬಂದವರಿಂದ ಮನೆಮಂದಿಗೆ ಅಂಟುತ್ತಿತ್ತು. ಮೂಢಜನ, ಹೇಳಿದ ಮಾತು ಕೇಳುವುದಿಲ್ಲ ಎಂದು ಅಧಿಕಾರಿಗಳು ಬರೆದು ಕೈ ತೊಳೆದುಕೊಂಡರು.

ಆನಿ ಮೊದಲು ತಾವೇ ಕಲಿಯಹೊರಟರು. ಆಸ್ಪತ್ರೆಗಳಲ್ಲಿ ವೈದ್ಯರ ಪಕ್ಕದಲ್ಲಿ ನಿಂತು ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿಯನ್ನು ನೋಡಿದರು, ಎಕ್ಸ್‌ರೇ ಎಂದರೇನು, ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿಕೊಂಡರು. ಮತ್ತೆ ಹೊರಟದ್ದು ಹೋಗನ್‌ಗಳಿಗೆ. ಹೋಗನ್ ಎಂದರೆ ದಿಮ್ಮಿ, ಮಣ್ಣು ಸೇರಿಸಿ ಕಟ್ಟಿದ, ಬಾಗಿಲು ಪೂರ್ವಕ್ಕಿರುವ ಮನೆ. ಒಂದರಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ಕಚ್ಚಾದಾರಿ. ಓಡಿಬಂದ ರೋಗಿಯನ್ನು ಹುಡುಕಿ, ಅವನ ಮುಂದೆ ನೆಲದ ಮೇಲೆ ಕುಳಿತು, ಅವನ ಭಾಷೆಯಲ್ಲೇ ತಿಳಿಸಿ ಹೇಳಬೇಕು. ಕ್ರಿಮಿ ಎಂಬುದಕ್ಕೆ ಮಾತು ಬೇಕು. ಕಣ್ಣಿಗೆ ಕಾಣದ ಹುಳು ಎಂದು ಆ ಭಾಷೆಯಲ್ಲಿ ಹೇಳಬೇಕಾಯಿತು. ವೈದ್ಯರಿಗೂ ರೋಗಿಗಳಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯಲೆಂದು ಇಂಗ್ಲಿಷ್–ನವಾಹೋ ವೈದ್ಯಕೀಯ ಪದಕೋಶವನ್ನು ಸಿದ್ಧಪಡಿಸಿದವರಲ್ಲಿ ಆಕೆಯೂ ಒಬ್ಬರು. 1960ರಿಂದ ಗ್ಯಾಲಪ್ ಪಟ್ಟಣದ ರೇಡಿಯೋದಲ್ಲಿ ನವಾಹೋ ಭಾಷೆಯಲ್ಲಿ ಆರೋಗ್ಯದ ಮಾತಾಡತೊಡಗಿದರು.

ಹಾಡು, ಪೂಜೆಗಳಿಂದ ಬೇನೆ ತೆಗೆಯುವ ಹಿರಿಯ ವೈದ್ಯರು ಆ ಜನರಲ್ಲಿದ್ದಾರೆ. ಸಿಡಿಲು ಬಡಿದ ಮರದ ಸಂಗದಿಂದ ಕ್ಷಯ ಬರುತ್ತದೆಂಬುದು ಅವರ ನಂಬಿಕೆಯಾಗಿತ್ತು. ನಗರದ ವಿದ್ಯಾವಂತನಾದರೆ ನಕ್ಕುಬಿಡುತ್ತಿದ್ದ. ಆನಿ ನಗಲಿಲ್ಲ. ಅವರನ್ನು ಆಸ್ಪತ್ರೆಗೆ ಕರೆಸಿ ಕ್ರಿಮಿಯನ್ನು ತೋರಿಸಿದರು, ವಾದಿಸಿದರು. ನಿಮ್ಮಿಂದ ವಾಸಿಯಾಗುವ ಬೇನೆಗಳು ನಿಮಗಿರಲಿ, ಈ ಒಂದನ್ನು ಆಸ್ಪತ್ರೆಗೆ ಬಿಡಿ ಎಂಬುದು ಅವರ ಮಾತಿನ ಧಾಟಿ. ಆಸ್ಪತ್ರೆಯ ವೈದ್ಯರಿಗೂ ಈ ಹಿರಿಯರಿಗೆ ಮರ್ಯಾದೆ ಕೊಡಬೇಕೆಂದು ತಿಳಿಸಿದರು. 1955ರಲ್ಲಿ ಮೀಸಲು ನಾಡುಗಳ ಆಸ್ಪತ್ರೆಗಳು ಹಳೆಯ ಇಲಾಖೆಯ ಕೈತಪ್ಪಿ ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿದವು. ಐಸೋನಯಾಜಿಡ್ ಎಂಬ ಹೊಸ ಔಷಧವೂ ಅದೇ ಕಾಲಕ್ಕೆ ಬಂದಿತ್ತು. ಕ್ಷಯದ ಸಾವು ಇಳಿಯಿತು. ಗುಳಿಗೆಯ ಪಾಲು ಅದರಲ್ಲಿ ದೊಡ್ಡದೆಂಬುದು ಖಂಡಿತ. ಆದರೆ ಗುಳಿಗೆ ತಾನಾಗಿ ನಡೆದು ಹೋಗನ್ನಿನ ಒಳಗೆ ಹೋಗುವುದಿಲ್ಲವಷ್ಟೆ.

ಕ್ಷಯದ ಬೆನ್ನುಹತ್ತಿ ಹೋದಾಕೆಗೆ ಗುಳಿಗೆಗಿಂತ ಮುಂದಿನದೂ ಕಂಡಿತು. ಶುದ್ಧವಾದ ನೀರು, ಕಕ್ಕಸು, ಬೆಳಕು ಬರುವ ಕಿಟಕಿ, ಮಣ್ಣಿನ ಬದಲು ಗಟ್ಟಿಯಾದ ನೆಲ, ಎಳೆಮಕ್ಕಳ ಆರೈಕೆ, ಇವಕ್ಕಾಗಿ ಕೌನ್ಸಿಲಿನಲ್ಲೂ ವಾಷಿಂಗ್ಟನ್ನಿನಲ್ಲೂ ವರ್ಷಗಟ್ಟಲೆ ಪೀಡಿಸಿದರು. ಮುಲಾಜಿಲ್ಲದ ಮಾತು, ಎತ್ತರದ ಆಳು. ಅಧಿಕಾರಿಗಳಿಗೆ ಆಕೆಯನ್ನು ಕಂಡರೆ ಪ್ರೀತಿಗಿಂತ ಅಂಜಿಕೆ ಹೆಚ್ಚಾಗಿತ್ತೆಂದು ತೋರುತ್ತದೆ.

ಓದುಗರು ನಗಬಹುದಾದ ಸಂಗತಿಯೊಂದುಂಟು. ಆಕೆ ಮರಳಿ ಚುನಾವಣೆಗೆ ನಿಂತಾಗ ಎದುರಾಳಿಗಳಲ್ಲಿ ಒಬ್ಬರು ಯಾರು? ಆಕೆಯ ಯಜಮಾನರೇ, ಜಾರ್ಜ್ ವಾನೀಕಾ! ಗೆದ್ದದ್ದು ಆನಿ. ಸಂಸಾರವೇನೂ ಮುರಿಯಲಿಲ್ಲ. ಆಕೆ ಊರೂರು ತಿರುಗುವಾಗ ಮಂದೆಯನ್ನೂ ಮಕ್ಕಳನ್ನೂ ನೋಡಿಕೊಂಡವರು ಅವರು. ಹೆಣ್ಣು ಆಳಿದರೆ ಕೇಡು ಎನ್ನುವವರು ಕ್ಲಾಗೆಟೋದ ಈ ಮನೆಯಲ್ಲಿ ಯಾವ ಕೇಡನ್ನು ಕಂಡರೋ ತಿಳಿಯದು.

ಆಕೆಯ ಎಲ್ಲ ನಡೆಯೂ ನಮಗೆ ಒಪ್ಪಿಗೆ ಎಂದಲ್ಲ. ಪೆಯೋಟಿ ಎಂಬ ಕಳ್ಳಿಗಿಡವನ್ನು ಪ್ರಸಾದವಾಗಿ ಸೇವಿಸುವ ಪಂಥವೊಂದು ಆ ಜನರಲ್ಲಿದೆ. ಕೌನ್ಸಿಲು 1940ರಲ್ಲಿ ಅದನ್ನು ನಿಷೇಧಿಸಿತ್ತು. 1967ರಲ್ಲಿ ನಿಷೇಧ ಸಡಿಲವಾಯಿತು. ಆನಿ ಅದರ ಕಡು ವಿರೋಧಿಯಾಗಿಯೇ ಉಳಿದರು. ಸಿಡಿಲಿನ ನಂಬಿಕೆಯವರ ಜೊತೆ ತೋರಿದ ಸಹನೆ ಇವರ ಪಾಲಿಗೆ ಬರಲಿಲ್ಲ. 1968ರಲ್ಲಿ ಇನ್ನೊಂದು ಪ್ರಸಂಗ. ಬಡವರಿಗೆ ಕಾನೂನು ನೆರವು ಕೊಡುವ ಸಂಸ್ಥೆಯ ಮುಖ್ಯ ವಕೀಲನೊಬ್ಬ ಕೌನ್ಸಿಲಿನ ಸಮಿತಿಯ ಸಭೆಯಲ್ಲಿ ಒಂದು ಪ್ರಶ್ನೆಗೆ ನಕ್ಕ. ಮರುದಿನ ಆನಿ ಅವನಿಗೆ ಏಟು ಕೊಟ್ಟರು. ಸಮಿತಿ ಆತನನ್ನು ಮೀಸಲು ನಾಡಿನಿಂದಲೇ ಹೊರಹಾಕಿತು. 1969ರಲ್ಲಿ ನ್ಯಾಯಾಲಯ ಆ ಆಜ್ಞೆ ಸಿಂಧುವಲ್ಲವೆಂದಿತು. ಗಿರವಿ ಹಿಡಿಯುವ ವರ್ತಕರ ವಿರುದ್ಧ ಬಡವರ ಕೈ ಹಿಡಿದಿದ್ದ ಸಂಸ್ಥೆ ಅದು. ನಮ್ಮ ಒಲವು ಅದರ ಕಡೆಗೇ. ಹೊರಗಿನಿಂದ ಬಂದವನು ತಮ್ಮವರ ಪ್ರಶ್ನೆಗೆ ನಕ್ಕದ್ದು ಆಕೆಗೆ ಯಾವ ಹಳೆಯ ನೋವನ್ನು ಕೆದಕಿತೋ ಬಲ್ಲೆವು, ಆದರೂ ಕೈ ಮಾಡಿದ್ದು ತಪ್ಪು. ಇಂಥ ತಪ್ಪುಗಳು ಗಂಡಸು ಮಾಡಿದರೆ ಅವನ ಸ್ವಭಾವ ಎನ್ನುತ್ತಾರೆ. ಹೆಂಗಸು ಮಾಡಿದರೆ ಹೆಂಗಸರ ಆಳ್ವಿಕೆಗೇ ಉದಾಹರಣೆ ಮಾಡುತ್ತಾರೆ.

1963ರಲ್ಲಿ ಕೆನಡಿಯವರು ಆಕೆಯನ್ನು ಅಧ್ಯಕ್ಷರ ಸ್ವಾತಂತ್ರ್ಯ ಪದಕಕ್ಕೆ ಆರಿಸಿದರು. ಅವರ ಕೊಲೆಯಾದ ಎರಡು ವಾರದ ಮೇಲೆ, ಡಿಸೆಂಬರ್ 6ರಂದು, ಜಾನ್ಸನ್ನರು ಅದನ್ನು ಕೊಟ್ಟರು. 1978ರ ಚುನಾವಣೆಯಲ್ಲಿ ಆಕೆ ಸೋತರು. 1984ರಲ್ಲಿ ಅದೇ ಕೌನ್ಸಿಲು ಜನಾಂಗದ ಮಹಾತಾಯಿ ಎಂದು ಬಿರುದು ಕೊಟ್ಟಿತು. 1997ರಲ್ಲಿ ತೀರಿಕೊಂಡರು. ಬಿರುದಿನ ಮೇಲೆ ನಮ್ಮ ಆಕ್ಷೇಪಣೆ ಇಷ್ಟೇ. ಹೆಂಗಸು ಕೆಲಸ ಮಾಡಿದರೆ ತಾಯಿ ಎಂದು ಹಾರ ಹಾಕುತ್ತೀರಿ. ಅಧ್ಯಕ್ಷ ಪದವಿ ಕೇಳಿದರೆ ಪೂರ್ವಿಕರ ಕಟ್ಟಳೆ ತೆಗೆಯುತ್ತೀರಿ. ಆಕೆಯನ್ನು ಮಹಾತಾಯಿ ಎಂದವರ ನಾಡಿನಲ್ಲೇ 22 ವರ್ಷದ ಮೇಲೆ ಲಿಂಡಾ ಲವ್‌ಜಾಯ್ ಮೇಲೆ ಆ ಮಾತು ಎಸೆದರು.

ಇನ್ನು ಗಂಡಸರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದ ಗುತ್ತಿಗೆಗಳ ಕತೆ. 1944ರಿಂದ 1986ರವರೆಗೆ ನವಾಹೋ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. ಅಮೆರಿಕದ ಬಾಂಬಿಗೆ ಬೇಕಾಗಿತ್ತು. ಗಾಳಿಯಾಡದ ಗಣಿಗಳಲ್ಲಿ ದೂಳು ಕುಡಿದು ದುಡಿದವರಿಗೆ ಅಪಾಯವೇನೆಂದು ಯಾರೂ ಹೇಳಲಿಲ್ಲ. ಆನಿ ಹೋಗನ್ನಿನಿಂದ ಹೋಗನ್ನಿಗೆ ತಿರುಗಿ ಯಾವ ಶ್ವಾಸಕೋಶಗಳನ್ನು ಕ್ಷಯದಿಂದ ಬಿಡಿಸುತ್ತಿದ್ದರೋ ಅವೇ ಶ್ವಾಸಕೋಶಗಳಿಗೆ ಗಣಿಯಲ್ಲಿ ಕ್ಯಾನ್ಸರು ಹತ್ತುತ್ತಿತ್ತು. ಅಮೆರಿಕದ ಸಂಸತ್ತು ಪರಿಹಾರದ ಕಾಯಿದೆ ಮಾಡಿದ್ದು 1990ರಲ್ಲಿ. ಮುಚ್ಚದೆ ಬಿಟ್ಟುಹೋದ ಗಣಿಗಳು 500ಕ್ಕೂ ಹೆಚ್ಚು. ಕೇಡು ಎಂದರೆ ಇದು. ಹೆಂಗಸರಿಲ್ಲದ ಗದ್ದುಗೆಯ ಕಾಲದಲ್ಲೇ ಇದು ಬಂದದ್ದು.

2022ರ ಚುನಾವಣೆಯಲ್ಲಿ 24 ಸ್ಥಾನದ ಕೌನ್ಸಿಲಿಗೆ 9 ಮಂದಿ ಮಹಿಳೆಯರು ಗೆದ್ದರು. ಅದುವರೆಗೆ ಅಷ್ಟು ಮಂದಿ ಎಂದೂ ಬಂದಿರಲಿಲ್ಲ. ಅದೇ ಚುನಾವಣೆಯಲ್ಲಿ ರಿಶೆಲ್ ಮೊಂಟೋಯಾ ಮೊದಲ ಮಹಿಳಾ ಉಪಾಧ್ಯಕ್ಷರಾಗಿ ಆಯ್ಕೆಯಾದರು. 2023ರ ಜನವರಿಯಲ್ಲಿ ಕ್ರಿಸ್ಟಲಿನ್ ಕರ್ಲಿ ಕೌನ್ಸಿಲಿನ ಮೊದಲ ಮಹಿಳಾ ಸ್ಪೀಕರ್ ಆದರು. ಪೂರ್ವಿಕರೇನೂ ಮುನಿದ ಸುದ್ದಿಯಿಲ್ಲ.

ಅವರ ಮುಂದೆ ಬಂದ ಕಡತದಲ್ಲಿ ಆನಿಯ ಕಾಲದ ಬಾಕಿಯೇ ಇತ್ತು, ನೀರು. 2020ರ ಕೊರೋನಾ ಕಾಲದಲ್ಲಿ ಕೈ ತೊಳೆಯಿರಿ ಎಂದು ಲೋಕಕ್ಕೆಲ್ಲ ಹೇಳಿದರಲ್ಲ. ನವಾಹೋ ಮನೆಗಳಲ್ಲಿ ಹತ್ತರಲ್ಲಿ ಮೂರಕ್ಕೆ ಕೊಳಾಯಿಯೇ ಇರಲಿಲ್ಲ. ಆ ಮೇ ತಿಂಗಳಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಸೋಂಕು ನ್ಯೂಯಾರ್ಕನ್ನೂ ಮೀರಿತ್ತು. 2023ರ ಜೂನ್ 22ರಂದು ಅಮೆರಿಕದ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಒಂದು ಕಡೆ, 1868ರ ಒಪ್ಪಂದದ ಪ್ರಕಾರ ಈ ಜನರಿಗೆ ನೀರು ದೊರಕಿಸಿಕೊಡುವ ಹೊಣೆ ಸರಕಾರಕ್ಕಿಲ್ಲವೆಂದು ತೀರ್ಪಿತ್ತಿತು. ನೆಲದ ಎಣ್ಣೆಗೆ ರುಜು ಬೇಕಾದಾಗ ಸಭೆ ಕರೆಯುವ ಹೊಣೆ ಇದ್ದ ಸರಕಾರಕ್ಕೆ ನೀರಿನ ಹೊಣೆ ಇಲ್ಲ!

2024ರ ಮೇ ತಿಂಗಳಲ್ಲಿ ಕರ್ಲಿಯವರ ಕೌನ್ಸಿಲು ಆರಿಜೋನಾದ ನೀರಿನ ಹಕ್ಕುಗಳ ರಾಜಿ ಒಪ್ಪಂದಕ್ಕೆ ಒಮ್ಮತದಿಂದ ಒಪ್ಪಿಗೆ ಕೊಟ್ಟಿತು. ಕೊಳವೆಗಳಿಗೂ ಕೆರೆಗಳಿಗೂ ಬೇಕಾದ ಹಣ 500 ಕೋಟಿ ಡಾಲರು. ಅದನ್ನು ಮಂಜೂರು ಮಾಡಬೇಕಾದುದು ವಾಷಿಂಗ್ಟನ್ನಿನ ಸಂಸತ್ತು. ಕೊಳಾಯಿಯಿಲ್ಲದ ಮನೆಯವರು ಲಾರಿಯ ಹಿಂದೆ ಪೀಪಾಯಿ ಏರಿಸಿಕೊಂಡು ಮೈಲಿಗಟ್ಟಲೆ ದೂರದ ನಲ್ಲಿಯಿಂದ ನೀರು ತಂದುಕೊಳ್ಳುತ್ತಾರೆ.